ಅಯ್ಯಮ್ಮ ಅಂದ ‘ಹೌದ್ರಿ’

ಮಾರ್ಚ್ ೧೦, ಸೋಮವಾರ. ಬೆಳಗ್ಗೆ ೧೦.೧೫

ಹನ್ನೊಂದು ದಿನಪತ್ರಿಕೆ ನೋಡಿ ಮುಗಿಯಿತು. ಕತ್ತರಿಸು, ಅಂಟಿಸು, ಸ್ಕ್ಯಾನ್ ಮಾಡು, ವೆಬ್‌ಸೈಟಿಗೆ ಹಾಕು. ‘ಸುದ್ದಿಯಲ್ಲಿ ನಮ್ಮ ವಿಶ್ವವಿದ್ಯಾಲಯ’. ಒಂಬತ್ತು ವರ್ಷದಿಂದ ಇದೇ. ಸಾಮಾನ್ಯವಾಗಿ ಸಿಗುವುದು ತಡವಾದ ಫಲಿತಾಂಶ, ಮುಷ್ಕರ, ಸೋರುವ ಲೈಬ್ರರಿ.

ಇಂದು ನಾಲ್ಕು ಪತ್ರಿಕೆಯಲ್ಲಿ ಶಾಂಭವಿ! ಒಂದರಲ್ಲಿ ಮುಖಪುಟ. ಎಂ.ಎಸ್ಸಿ. ಗಣಿತ, ಮೂರು ಚಿನ್ನದ ಪದಕ. ‘ಸೆಕ್ಯುರಿಟಿ ಗಾರ್ಡ್ ಮಗಳ ಬಂಗಾರದ ಬೆಳೆ.’ ಅಪ್ಪ ಜಟ್ಟೆಪ್ಪ ಯೂನಿಫಾರ್ಮಿನಲ್ಲೇ ನಿಂತಿದ್ದಾರೆ. ಅಯ್ಯಮ್ಮನ ಸೆರಗು ತಲೆಯ ಮೇಲೆ. ಪದಕ ಕೈಯಲ್ಲಿ ಹಿಡಿದಿರುವುದು ಅಯ್ಯಮ್ಮನೇ, ಮಗಳಲ್ಲ.

 ಇವರು ನಮ್ಮ ಮನೆಯ ಮಾಳಿಗೆಯ ರೂಮಿನಲ್ಲಿ ಬಾಡಿಗೆಗಿರುವವರು. ಯಾದಗಿರಿ ಕಡೆಯಿಂದ ಬಂದಾಗ ಆ ಹುಡುಗಿ ಪಿಯುಸಿ. ಅವಳ ಒಂದೊಂದು ಅರ್ಜಿಯನ್ನೂ ಬರೆದುಕೊಟ್ಟವಳು ನಾನು. ನನ್ನ ಗಂಡ ಮುತ್ತುರಾಜ್ ತೀರಿಹೋದ ವರ್ಷ ನನ್ನನ್ನು ಹಿಡಿದು ಕೂರಿಸಿ ಅನ್ನ ತಿನ್ನಿಸಿದವಳು ಅವಳು.

ಕುಲಸಚಿವರು ಖುದ್ದು ಬಂದು ನೋಡಿದರು. “ಭಾಗ್ಯಲಕ್ಷ್ಮಿ, ಹೋಮ್‌ಪೇಜಲ್ಲಿ ಮೇಲ್ಗಡೆ ಹಾಕಿ. ದೊಡ್ಡದಾಗಿ.”

ಹಾಕಿದೆ.

ಮಾರ್ಚ್ ೧೬, ಭಾನುವಾರ

ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ಸನ್ಮಾನ. ಜಟ್ಟೆಪ್ಪ ಗೇಟು ಕಾಯುವ ಜಾಗ. ಮೂರು ವರ್ಷದಲ್ಲಿ ಕ್ಲಬ್‌ಹೌಸಿನ ಒಳಗೆ ಕಾಲಿಟ್ಟದ್ದು ಇವತ್ತೇ ಅಂತೆ. ಶಾಲು, ಹೂಗುಚ್ಛ, ಸೆಲ್ಫಿ. ನನ್ನತ್ತೆ ದೊಡ್ಡಮುನಿಯಮ್ಮನೂ ಬಂದಿದ್ದರು, ರೇಷ್ಮೆ ಸೀರೆ ಉಟ್ಟು, ತಮ್ಮದೇ ಮೊಮ್ಮಗಳಿಗೆ ಸನ್ಮಾನ ಅನ್ನುವ ಹಾಗೆ.

ಶಾಂಭವಿ ಮಾತಾಡಿದ್ದು ಎರಡೇ ವಾಕ್ಯ. “ನಮ್ಮಪ್ಪ ನಮ್ಮವ್ವ ಓದಸ್ಯಾರ್ರಿ. ನಮ್ಮ ಭಾಗ್ಯಕ್ಕ ದಾರಿ ತೋರ್ಸ್ಯಾರ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಎಲ್ಲಿ ನೋಡಬೇಕೋ ಗೊತ್ತಾಗಲಿಲ್ಲ.

ಕೆ.ಆರ್. ಪುರದ ಕಾಲೇಜೊಂದರಲ್ಲಿ ಪಾಠ ಮಾಡಲು ಅವಳನ್ನು ಕರೆದಿದ್ದಾರಂತೆ. ಜೂನ್‌ನಿಂದ.

ಮಾರ್ಚ್ ೨೬, ಬುಧವಾರ. ಮಧ್ಯಾಹ್ನ ೩

ಚಲುವಯ್ಯನವರು ಬಂದು ಬಾಗಿಲು ಹಾಕಿಕೊಂಡರು. ಪರೀಕ್ಷಾ ವಿಭಾಗದ ಹಿರಿಯ ಗುಮಾಸ್ತರು. ಮೂವತ್ತೆಂಟು ವರ್ಷದ ಸರ್ವಿಸ್, ಮೇ ಕೊನೆಗೆ ನಿವೃತ್ತಿ. ನಾನು ಸೇರಿದಾಗ ಇಲ್ಲಿ ಹೇಗೆ ಬದುಕಬೇಕೆಂದು ಕಲಿಸಿದವರು.

“ಭಾಗ್ಯಮ್ಮ, ಒಂದ್ ತಪ್ಪಾಗೋಯ್ತು.”

ರಮ್ಯಶ್ರೀ ಅಂತ ಶಾಂಭವಿಯ ಕ್ಲಾಸಿನ ಹುಡುಗಿ. ಪ್ರಾಜೆಕ್ಟಿಗೆ ತನಗೆ ಇಷ್ಟು ಕಡಿಮೆ ಅಂಕ ಹೇಗೆ ಬಂತೆಂದು ಅರ್ಜಿ ಕೊಟ್ಟಿದ್ದಾಳೆ. ತೆಗೆದು ನೋಡಿದರೆ ಅವಳ ಅಂಕ ಶಾಂಭವಿಗೆ, ಶಾಂಭವಿಯದು ಅವಳಿಗೆ. ರಿಜಿಸ್ಟರ್ ನಂಬರಿನ ಕೊನೆಯ ಅಂಕಿ ಒಬ್ಬಳದು ಒಂದು, ಇನ್ನೊಬ್ಬಳದು ಏಳು.

“ಕೈಬರಹದ ಪಟ್ಟಿ. ಏಳು ಒಂದರಂಗೇ ಇತ್ತು. ಎಂಟ್ರಿ ಮಾಡಿದ್ದು ನಾನೇ ಕಣಮ್ಮ. ಕಣ್ಣಿನ ಪೊರೆ ತೆಗೆಸ್ಬೇಕು ಅಂತ ಮುಂದಕ್ಕೆ ಹಾಕ್ತಾ ಹಾಕ್ತಾ…”

ಸರಿಪಡಿಸಿದರೆ ಪದಕ ಮೂರೂ ರಮ್ಯಶ್ರೀಗೆ. ಶಾಂಭವಿ ಎರಡನೆಯವಳು.

ಎರಡನೆಯವಳು. ಅದೇನು ಕಡಿಮೆಯೇ? ಹೇಳಿದರೆ ಆ ಹುಡುಗಿ ತಾನೇ ನಡೆದುಬಂದು ಪದಕ ಕೊಟ್ಟು ಹೋಗುತ್ತಾಳೆ. ಅವಳನ್ನು ನಾನು ಬಲ್ಲೆ. ಇಂದೇ ಹೇಳಿಬಿಡಬೇಕು ಅಂದುಕೊಂಡು ಮನೆಗೆ ಬಂದೆ. ಮಾಳಿಗೆಯಲ್ಲಿ ನೆಂಟರು, ನಗು. ನಾಳೆ ಹೇಳೋಣ ಅಂದುಕೊಂಡೆ.

ಮಾರ್ಚ್ ೨೭, ಗುರುವಾರ

ಬೆಳಗ್ಗೆ ಎಂಟಕ್ಕೇ ಟಿವಿಯಲ್ಲಿ. ಯಾರು ಕೊಟ್ಟರೋ. ‘ಚಿನ್ನದ ಹುಡುಗಿಯ ಅಂಕ ಅಸಲಿಯಾ, ನಕಲಿಯಾ?’ ಪದಕದ ಫೋಟೋಗೆ ಕೆಂಪು ವೃತ್ತ. ಆ ಫೋಟೋ ನಮ್ಮ ವೆಬ್‌ಸೈಟಿನದು. ನಾನೇ ಹಾಕಿದ್ದು.

ಹತ್ತಕ್ಕೆ ಕುಲಸಚಿವರ ಕೋಣೆ. ಪ್ರೆಸ್ ನೋಟ್ ಬೇಕು, ಅರ್ಧ ಗಂಟೆಯಲ್ಲಿ. ನಾನು ಬರೆದೆ: ‘ನಮ್ಮ ಸಿಬ್ಬಂದಿಯಿಂದಾದ ನಮೂದಿನ ಲೋಪದಿಂದಾಗಿ…’

ಓದಿ ವಾಪಸ್ ತಳ್ಳಿದರು. “ಸಿಬ್ಬಂದಿ ಬೇಡ. ‘ನಮ್ಮ’ ಅನ್ನೋ ಪದಾನೇ ಬೇಡ.”

“ಸರ್, ಹಂಗ್ ಬರೆದ್ರೆ ಹುಡುಗೀನೇ ಏನೋ ಮಾಡಿದ್ಳು ಅನ್ಸುತ್ತೆ.”

“ನಾವ್ ಹಂಗೆ ಬರ್ದಿಲ್ವಲ್ಲ ರೀ. ಓದೋರು ಅನ್ಕೊಂಡ್ರೆ ನಾವೇನ್ ಮಾಡೋಕಾಗುತ್ತೆ? ಎರಡು ದಿನ. ಕಮಿಟಿ ಕೂತ್ಕೊಳ್ಲಿ, ಆಮೇಲೆ ಕ್ಲಾರಿಫೈ ಮಾಡೋಣ.”

ನನಗೆ ಗೊತ್ತಿತ್ತು. ಯಾರ ಕೈ, ಯಾವ ಅಂಕಿ, ಎಲ್ಲ ಗೊತ್ತಿತ್ತು. ಬಾಗಿಲ ಹೊರಗೆ ಬೆಂಚಿನಲ್ಲಿ ಚಲುವಯ್ಯನವರು ತಲೆ ತಗ್ಗಿಸಿ ಕೂತಿದ್ದರು. ನನ್ನ ಕಾಂಟ್ರ್ಯಾಕ್ಟ್ ರಿನ್ಯೂವಲ್ ಫೈಲ್ ಕುಲಸಚಿವರ ಮೇಜಿನ ಮೇಲಿತ್ತು.

ಬರೆದೆ. ‘ಸದರಿ ವಿದ್ಯಾರ್ಥಿನಿಯ ಅಂಕಗಳಲ್ಲಿ ವ್ಯತ್ಯಾಸ ಕಂಡುಬಂದಿದ್ದು, ತನಿಖೆ ನಡೆಸಿ, ತಪ್ಪಿತಸ್ಥರ ವಿರುದ್ಧ ಕಾನೂನು ಕ್ರಮ ಜರುಗಿಸಲಾಗುವುದು.’

ವ್ಯಾಕರಣ ಶುದ್ಧ. ಸುಳ್ಳು ಒಂದೂ ಇಲ್ಲ.

ಮಾರ್ಚ್ ೨೮, ಶುಕ್ರವಾರ

ಬೈಯಪ್ಪನಹಳ್ಳಿಯ ನಮ್ಮ ಗಲ್ಲಿಗೆ ಮೂರು ಚಾನೆಲ್. ಬೆಳಗ್ಗೆ ಏಳೂವರೆ. ಶಾಂಭವಿ ಒಳಗಿದ್ದಳು. ಅಯ್ಯಮ್ಮ ಹೌಸ್‌ಕೀಪಿಂಗ್ ಕೆಲಸಕ್ಕೆ ಹೊರಟು ಮೆಟ್ಟಿಲು ಇಳಿಯುತ್ತಿದ್ದರು. ಟಿಫಿನ್ ಡಬ್ಬಿ ಕೈಯಲ್ಲಿ. ಮೈಕ್ ಮುಖಕ್ಕೇ ಬಂತು.

“ಅಮ್ಮ, ನಿಮ್ಮ ಮಗಳ ಅಂಕ ಅವಳದ್ದಲ್ಲ ಅಂತ ಯೂನಿವರ್ಸಿಟಿಯೋರೇ ಹೇಳಿದ್ದಾರೆ. ಗೊತ್ತಾ?”

“ಹೌದ್ರಿ.”

“ಮೋಸ ಆಗಿದೆ ಅಂತಿದ್ದಾರೆ.”

“ಹೌದ್ರಿ… ಹೇಳ್ರಿ…”

ಅಯ್ಯಮ್ಮ ಹಾಗೇ. ಯಾರು ಏನು ಮಾತಾಡಿದರೂ ಮೊದಲು ಹೌದ್ರಿ. ಕೇಳುತ್ತಿದ್ದೇನೆ, ಮುಂದೆ ಹೇಳಿ ಅಂತ ಅರ್ಥ. ನೀರು ಬಂದಿಲ್ಲ ಅಂದರೂ ಹೌದ್ರಿ, ನಿಮ್ಮ ಊರು ಯಾವುದು ಅಂದರೂ ಹೌದ್ರಿ. ಅವರ ಸೀಮೆಯ ಮರ್ಯಾದೆ ಅದು.

ನಾನು ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಅತ್ತೆ ಪೊರಕೆ ಹಿಡಿದು ನಿಂತಿದ್ದರು. “ಯಾವನೋ ಅವ್ನು, ಹೆಣ್ಣೆಂಗ್ಸು ಕೆಲ್ಸಕ್ಕೆ ಹೋಗೋವಾಗ ಅಡ್ಡ ಹಾಕೋನು! ತೆಗೀರೋ ನಿಮ್ ವಯರು!”

ಅದೂ ರೆಕಾರ್ಡ್ ಆಯಿತು.

ಮಾರ್ಚ್ ೨೯, ಶನಿವಾರ

‘ತಾಯಿಯೇ ಒಪ್ಪಿಕೊಂಡಳು!’

ನಿನ್ನೆಯಿಂದ ಅದೇ. ಹೌದ್ರಿ. ಹೌದ್ರಿ. ‘ಹೇಳ್ರಿ’ಯನ್ನು ಕತ್ತರಿಸಿದ್ದಾರೆ. ಹಿಂದೆ ಮ್ಯೂಸಿಕ್ ಹಾಕಿದ್ದಾರೆ. ಮೆಟ್ರೋದಲ್ಲಿ ಪಕ್ಕದ ಸೀಟಿನ ಹುಡುಗಿಯ ಫೋನಿನಲ್ಲಿ ಕೇಳಿಸಿತು. ಹಲಸೂರಿನಲ್ಲಿ ಇಳಿಯುವಷ್ಟರಲ್ಲಿ ಇನ್ನೊಂದು ಫೋನಿನಲ್ಲಿ.

ಸಂಜೆ ಮಾಳಿಗೆಗೆ ಹೋದೆ. ಅಯ್ಯಮ್ಮ ನನ್ನ ಕೈ ಹಿಡಿದುಕೊಂಡರು. “ನಾ ಏನಂದೆನ್ರಿ ಅಕ್ಕಾ? ಅವರು ಕೇಳಿದ್ದು ನನಗ ಪೂರಾ ತಿಳೀಲೂ ಇಲ್ಲ. ನಾ ಏನಂದೆ?”

ಜಟ್ಟೆಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಪಾರ್ಟ್‌ಮೆಂಟಿನವರು ಸ್ವಲ್ಪ ದಿನ ಬರಬೇಡ ಅಂದಿದ್ದಾರೆ. ಅಲ್ಲಿಯ ಗ್ರೂಪಿನಲ್ಲಿ ಆ ವಿಡಿಯೋ ಓಡಾಡಿದೆ.

ಶಾಂಭವಿ ಪ್ರೆಸ್ ನೋಟಿನ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಳು. ಅತ್ತಿರಲಿಲ್ಲ.

“ಅಕ್ಕಾ, ಇದನ್ನ ಯಾರು ಬರದಾರ್ರಿ?”

“ಮೇಲಿನೋರು.”

“ಮೇಲಿನೋರು ಅಂದ್ರ?”

“ನಂಗ್ ಗೊತ್ತಿಲ್ಲ ಕಣೆ.”

ಅವಳು ಕಾಗದ ಮಡಚಿದಳು. ಮತ್ತೆ ಮಡಚಿದಳು. “ಹೋಗ್ಲಿ ಬಿಡ್ರಿ” ಅಂದಳು.

ಏಪ್ರಿಲ್ ೨

ಕೆ.ಆರ್. ಪುರದ ಕಾಲೇಜಿನವರು ಶಾಂಭವಿಗೆ ಬರುವುದು ಬೇಡ ಅಂದರು. ಫೋನ್ ಕೂಡ ಅಲ್ಲ, ಮೆಸೇಜು.

ಎರಡು ದಿನ ಅಂದದ್ದು ಆರಾಯಿತು. ಕಮಿಟಿ ಕೂತಿಲ್ಲ. ಚಲುವಯ್ಯನವರ ಬಳಿ ಹೋದೆ. ನೀವೇ ಹೇಳಿಬಿಡಿ ಅಂದೆ.

“ಎರಡೇ ತಿಂಗಳು ತಡ್ಕೊಳಮ್ಮ. ಮೂವತ್ತೆಂಟು ವರ್ಷ ಒಂದ್ ಮೆಮೋ ತಗೊಂಡಿಲ್ಲ ನಾನು. ಆಮೇಲೆ ಎಲ್ಲಾರ್ ಮುಂದೇನೂ ಹೇಳ್ತೀನಿ, ಆ ಮಗು ಕಾಲಿಗೆ ಬೇಕಾದ್ರೂ ಬೀಳ್ತೀನಿ.”

ಕನ್ನಡಕದ ಒಳಗೆ ಕಣ್ಣು ಮಂಜು ಮಂಜು. ಹೂಂ ಅಂದು ಬಂದೆ.

ಏನು ಹೂಂ ಅದು.

ಏಪ್ರಿಲ್ ೧೯, ಶನಿವಾರ

ಹದಿನೇಳು ದಿನ ಬರೆದಿಲ್ಲ. ಮಾಳಿಗೆಗೂ ಹೋಗಿಲ್ಲ. ಬೆಳಗ್ಗೆ ಅವರು ನೀರು ಹಿಡಿಯುವ ಹೊತ್ತಿಗೆ ಮೊದಲೇ ಮನೆ ಬಿಡುತ್ತಿದ್ದೆ. ಸಂಜೆ ಮಾರ್ಕೆಟ್ಟು, ಅಲ್ಲಿ ಇಲ್ಲಿ. ಬೇಕಂತಲೇ.

ಇಂದು ಬಂದಾಗ ಮಾಳಿಗೆಯ ಬಾಗಿಲು ತೆರೆದಿತ್ತು. ಖಾಲಿ. ಗೋಡೆಯ ಮೊಳೆಗಳನ್ನೂ ಕಿತ್ತು, ತೂತಿಗೆ ಸೋಪು ಮೆತ್ತಿ ಹೋಗಿದ್ದಾರೆ. ನೆಲ ಒರೆಸಿ ಹೋಗಿದ್ದಾರೆ.

ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. “ಮಧ್ಯಾಹ್ನ ಟೆಂಪೋ ತಂದ್ರು. ಎಲ್ಗೆ ಅಂದ್ರೆ ಹೇಳ್ಲಿಲ್ಲ. ಆ ಅಯ್ಯಮ್ಮ ಒಂದ್ ಮಾತಾಡ್ಲಿಲ್ಲ ಕಣೆ. ಏನ್ ಕೇಳಿದ್ರೂ ತಲೆ ಆಡ್ಸಿದ್ಳು ಅಷ್ಟೆ. ನಾನ್ ಊಟ ಮಾಡ್ಕೊಂಡ್ ಹೋಗಿ ಅಂದೆ. ಬೇಡ ಅಂತ ಕೈ ಮುಗಿದ್ಳು.”

ಶಾಂಭವಿ?

“ನಿನ್ನ ಕೇಳ್ಲಿಲ್ಲ” ಅಂದರು ಅತ್ತೆ. ನನ್ನ ಕಡೆ ತಿರುಗಿ, “ಯಾಕೆ ಕೇಳ್ಲಿಲ್ಲ?” ಅಂದರು.

ಮೂವರ ಫೋನೂ ಸ್ವಿಚ್ಡ್ ಆಫ್.

ಏಪ್ರಿಲ್ ೨೪, ಗುರುವಾರ

ಶಿವಾಜಿನಗರಕ್ಕೆ ಹೋದೆ. ಮಿಸ್ಬಾ ಅಂತ, ಒಂದು ಸಣ್ಣ ಪತ್ರಿಕೆಯ ವರದಿಗಾರ್ತಿ. ನಮ್ಮಲ್ಲಿಗೆ ಬಂದಾಗ ಪ್ರಶ್ನೆ ಕೇಳಿ, ಉತ್ತರವನ್ನು ಪೂರ್ತಿ ಬರೆದುಕೊಳ್ಳುವವಳು ಅವಳೊಬ್ಬಳೇ. ಅವಳ ಆಫೀಸಿನ ಕೆಳಗಿನ ಟೀ ಅಂಗಡಿ. ಪರೀಕ್ಷಾ ವಿಭಾಗದ ಫೈಲಿನಿಂದ ಯಾರಿಗೂ ಹೇಳದೆ ತೆಗೆದ ಕೈಬರಹದ ಪಟ್ಟಿಯ ನಕಲು ಕೊಟ್ಟೆ. ನನ್ನ ಮೊದಲ ಪ್ರೆಸ್ ನೋಟನ್ನೂ ಕೊಟ್ಟೆ, ‘ನಮ್ಮ’ ಇದ್ದದ್ದು.

“ಮೇಡಂ, ನಿಮ್ ಹೆಸ್ರು ಹಾಕಲ್ಲ, ಟೆನ್ಶನ್ ಬೇಡ.”

“ಹಾಕು.”

“ಕೆಲ್ಸ ಹೋಗುತ್ತೆ ಮೇಡಂ.”

“ಅವತ್ತೇ ಹೋಗ್ಬೇಕಿತ್ತು.”

ಅವಳು ಟೀ ತಣ್ಣಗಾಗಲು ಬಿಟ್ಟು ಓದುತ್ತಲೇ ಇದ್ದಳು. ಕೊನೆಗೆ ಕೇಳಿದಳು. “ಎರಡನೇ ಪ್ರೆಸ್ ನೋಟೂ ನೀವೇ ಬರ್ದಿದ್ದಾ?”

ಹೌದು ಅಂದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅದೂ ಹೇಳಬೇಕಾದವಳಿಗಲ್ಲ.

ಏಪ್ರಿಲ್ ೨೭, ಭಾನುವಾರ

ಬಂತು. ಏಳನೇ ಪುಟ, ಮಿಸ್ಬಾ ತನಗೆ ಸಿಕ್ಕಷ್ಟು ಜಾಗದಲ್ಲಿ ಚೆನ್ನಾಗಿಯೇ ಬರೆದಿದ್ದಾಳೆ. ‘ವಿದ್ಯಾರ್ಥಿನಿಯ ತಪ್ಪಿಲ್ಲ: ಅಂಕ ಅದಲುಬದಲು ವಿ.ವಿ. ಲೋಪ.’ ಬೇರೆ ಯಾವ ಪತ್ರಿಕೆಯೂ ಎತ್ತಿಕೊಳ್ಳಲಿಲ್ಲ. ಮೂರು ಚಾನೆಲ್‌ಗೂ ನಾನೇ ಫೋನ್ ಮಾಡಿದೆ. ಒಬ್ಬನು ಅಂದ, “ಅದು ಹಳೇ ಸ್ಟೋರಿ ಮೇಡಂ. ಹೊಸದೇನಾದ್ರೂ ಇದ್ರೆ ಹೇಳಿ.”

ಮೇ ೫, ಸೋಮವಾರ

ಕುಲಸಚಿವರು ಕೂಗಾಡಲಿಲ್ಲ. ಜೂನ್ ಮೂವತ್ತಕ್ಕೆ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಮುಂದುವರಿಯುವುದಿಲ್ಲ. ಅಲ್ಲಿಯವರೆಗೆ ಅಂಕಪಟ್ಟಿ ಕೊಡುವ ಕೌಂಟರ್. ಕೆಳಮಹಡಿ, ಮೂರನೇ ಕಿಟಕಿ.

ಕಮಿಟಿ ಕೊನೆಗೂ ಕೂತಿತು. ಚಲುವಯ್ಯನವರು ಎಲ್ಲ ಒಪ್ಪಿಕೊಂಡರಂತೆ. ಕೇಳುವ ಮೊದಲೇ.

ಮೇ ೩೧, ಶನಿವಾರ

ಚಲುವಯ್ಯನವರ ಕೊನೆಯ ದಿನ. ಹಾರ ಇಲ್ಲ, ಭಾಷಣ ಇಲ್ಲ. ಇಲಾಖಾ ವಿಚಾರಣೆ ಬಾಕಿ. ನನ್ನ ಕಿಟಕಿಗೆ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ.

“ಬೆಳಗ್ಗೆ ಎದ್ದಾಗ ಎದೆ ಹಗುರ ಇತ್ತಮ್ಮ, ಎರಡ್ ತಿಂಗಳಾದ್ಮೇಲೆ. ಆದ್ರೆ ನೀನು ನನಗ್ ಒಂದ್ ಮಾತು ಹೇಳಿ ಹೋಗ್ಬೇಕಿತ್ತು ಪೇಪರ್ನೋರತ್ರ.”

ಅದೂ ನಿಜ. ನಾನು ಯಾರಿಗೂ ಹೇಳಬೇಕಾದ ಹೊತ್ತಿಗೆ ಹೇಳಿದವಳಲ್ಲ.

ಜೂನ್ ೧೨, ಗುರುವಾರ. ಮಧ್ಯಾಹ್ನ ೧೨.೫೦

ಇಂದು ಬಂದಳು.

ಕ್ಯೂನಲ್ಲಿ ಆರನೆಯವಳು. ತಿದ್ದಿದ ಅಂಕಪಟ್ಟಿಗೆ. ಸೊರಗಿದ್ದಾಳೆ. ಕಿಟಕಿಗೆ ಬಂದಾಗ ತಲೆ ಎತ್ತಿ ನೋಡಿದಳು, ಹಿಂದೆ ಸರಿಯಲಿಲ್ಲ. ರಸೀತಿ ಒಳಗೆ ತಳ್ಳಿದಳು.

“ಹೇಗಿದ್ದೀಯೆ?”

“ಅದೀನ್ರಿ.”

“ಎಲ್ಲಿದ್ದೀರ ಈಗ? ಅಮ್ಮ…”

“ಅದನ್ನ ಹೇಳೂದಿಲ್ರಿ, ಮೇಡಂ.”

ಮೇಡಂ. ಎಂಟು ವರ್ಷದಲ್ಲಿ ಮೊದಲ ಸಲ.

ಅಂಕಪಟ್ಟಿ ತೆಗೆದೆ. ಸಹಿ ಹಾಕುವ ಪುಸ್ತಕ ಅವಳ ಕಡೆ ತಿರುಗಿಸಿದೆ. ಹಿಂದೆ ಜನ. ಆದರೂ ಹೇಳಿದೆ. “ಶಾಂಭವಿ, ಆ ನೋಟ್ ಬರ್ದಿದ್ದು ನಾನು.”

ಅವಳು ಸಹಿ ಮುಗಿಸಿದಳು. ದಿನಾಂಕವನ್ನೂ ಬರೆದಳು.

“ಗೊತ್ತದ್ರಿ. ಅವತ್ತೇ ಗೊತ್ತಿತ್ತು. ನನ್ನ ಎಲ್ಲಾ ಅರ್ಜಿ ನೀವೇ ಬರದೀರಿ. ನಿಮ್ಮ ವಾಕ್ಯ ನನಗ ತಿಳಿಯೂದಿಲ್ಲೇನ್ರಿ?”

“ಮತ್ತೆ… ಅವತ್ತು ಯಾಕೆ ಕೇಳ್ದೆ?”

“ನೀವ ಹೇಳ್ತೀರೇನೋ ಅಂತ.”

ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಳು. ಹಿಂದಿನವನಿಗೆ ಜಾಗ ಬಿಟ್ಟಳು. ಎದ್ದು ಓಡಬೇಕೆನಿಸಿತು. ಹಿಂದಿನವನು ರಸೀತಿ ಚಾಚಿದ. ತೆಗೆದುಕೊಂಡೆ.

ಸಂಜೆ ೬.೩೦

ಶಾಂಭವಿ ಬಂದಿದ್ದಳೆಂದು ಅತ್ತೆಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ.

“ಊಟಕ್ಕೆ ಕರೆದ್ಯಾ?”

ಇಲ್ಲ ಅಂದೆ.

“ಯಾಕೆ? ಏನ್ ನಡೀತೇ ನಿಮ್ಮಿಬ್ರ ಮಧ್ಯೆ? ಆ ಮಗು ಹಂಗ್ ಹೋಗೋಳಲ್ಲ. ಯಾರೂ ನಂಗೇನೂ ಹೇಳ್ಲಿಲ್ಲ.”

ಆ ಏಳನೇ ಪುಟವನ್ನು ಅವರಿಗೆ ನಾನು ಓದಿ ಹೇಳಿರಲಿಲ್ಲ. ಓದು ಬಾರದವರು. ಹುಡುಗಿಯದು ತಪ್ಪಿಲ್ಲವಂತೆ ಅಂದಿದ್ದೆ, ಅಷ್ಟೇ. ನನ್ನ ಹೆಸರು ಇದ್ದ ಸಾಲು ಬಿಟ್ಟು.

ಈಗ ಎದುರಿಗೇ ಬಂದು ಕೂತಿದ್ದಾರೆ. ದೀಪ ಹಚ್ಚಿಲ್ಲ. “ಬರ್ದಿದ್ದು ಸಾಕು, ಪುಸ್ತಕ ಮುಚ್ಚು, ನನ್ ಮುಖ ನೋಡ್ಕೊಂಡ್ ಹೇಳು” ಅನ್ನುತ್ತಿದ್ದಾರೆ.

ಎಲ್ಲಿಂದ ಶುರು ಮಾಡಲಿ? ಚಲುವಯ್ಯನವರು ಬಾಗಿಲು ಹಾಕಿಕೊಂಡ ಮಧ್ಯಾಹ್ನದಿಂದಲೇ, ಅಥವಾ ನಾನು ಮಾಳಿಗೆಯಲ್ಲಿ ‘ನಂಗ್ ಗೊತ್ತಿಲ್ಲ ಕಣೆ’ ಅಂದ ಸಂಜೆಯಿಂದಲೇ? ಪುಸ್ತಕ ಮುಚ್ಚುತ್ತಿದ್ದೇನೆ.