ಖಾಲಿ ಬಿಟ್ಟ ಹನ್ನೊಂದು

ಪುಟ್ಟಿ,

ಊಟ ಮುಚ್ಚಿಟ್ಟಿದ್ದೀನಿ, ತಿನ್ನು.

ನಿನ್ನ ಕಾಲೇಜು ಪ್ರವೇಶ ಪರೀಕ್ಷೆಯ ಮಾದರಿ ಪತ್ರಿಕೆ ನೋಡಿದೆ. ಹನ್ನೊಂದು ಪ್ರಶ್ನೆ ಖಾಲಿ ಬಿಟ್ಟಿದ್ದೀಯ. ಲೆಕ್ಕ ನನಗೆ ಬರಲ್ಲ, ಆದರೆ ನಿನ್ನ ರಫ್ ಹಾಳೆಯನ್ನ ಉತ್ತರದ ಪಟ್ಟಿ ಪಕ್ಕ ಇಟ್ಟು ನೋಡಿದೆ. ಒಂಬತ್ತು ಸರಿಯಾಗೇ ಮಾಡಿದ್ದೀಯ, ಎರಡೇ ತಪ್ಪು. ತಪ್ಪಿಗೆ ಕಾಲು ಅಂಕ ಕತ್ತರಿಸ್ತಾರೆ ಅಂತ ಹೆದರಿ, ಅರ್ಧ ಅಂಕ ಉಳಿಸೋಕೆ ಹೋಗಿ ಒಂಬತ್ತು ಕಳ್ಕೊಂಡೆ. ಗೊತ್ತಿರೋರ ಬಾಯಿಗೇ ಬೀಗ ಹಾಕೋ ಇದೆಂಥ ಪರೀಕ್ಷೆ? ನನಗಾದರೆ ಒಂದಕ್ಕೆ ಹತ್ತು ಎದುರಾಡ್ತೀಯ, ಆ ಹಾಳೆ ಮುಂದೆ ಬಾಯಿ ಬಿದ್ದುಹೋಗುತ್ತಾ?

ಭಾನುವಾರ ನಿಜವಾದ ಪರೀಕ್ಷೆ. ನಾನು ಹೊಲಿಗೆ ಅಂಗಡಿ ಮುಚ್ಚಿ ಬರೋದ್ರೊಳಗೆ ಹನ್ನೊಂದಕ್ಕೂ ಗುರುತು ಹಾಕಿಡು. ತಪ್ಪು ಹೊಲಿದ್ರೆ ಬಿಚ್ಚಿ ಮತ್ತೆ ಹೊಲೀಬಹುದು. ಹೊಲೀದೇ ಬಿಟ್ಟ ಬಟ್ಟೆ ತೊಟ್ಟು ನನ್ನ ಅಂಗಡಿಯಿಂದ ಇವತ್ತಿನವರೆಗೆ ಯಾರೂ ಆಚೆ ಹೋಗಿಲ್ಲ.

ಅಮ್ಮ