ಸರದಿ ಸಾಲಿನ ಶೂರ

ಬುಧವಾರ, ಮಧ್ಯಾಹ್ನ

ಮುನಿದ ಮುದ್ದು ಮಗಳಿಗೆ,

ಇವತ್ತು ನಾನೊಂದು ಕಳ್ಳತನ ಮಾಡಿದ್ದೇನೆ. ಕದ್ದ ಮಾಲು ಇದೀಗ ಕುರ್ಚಿಯ ಬೆನ್ನ ಮೇಲೆ ನೇತಾಡುತ್ತಿದೆ: ಕ್ಷೌರದಂಗಡಿಯ ಬಿಳಿ ಬಟ್ಟೆ, ಮೂರು ಕಡೆ ತೇಪೆ, ಅಂಚಿಗೆ ಇನ್ನೂ ಆರದ ನೊರೆ. ಮಾಲು ಸಮೇತ ಸಿಕ್ಕಿಬಿದ್ದದ್ದು ನಿನ್ನಮ್ಮನ ಕೈಗೆ. ಹಾಗಾಗಿ ಜಾಮೀನೂ ಇಲ್ಲ.

ಕಳೆದ ಸಲ ನೀನು ಊಟ ಬಿಟ್ಟು ಎದ್ದು ಹೋದದ್ದು ನೆನಪಿದೆಯಲ್ಲ? ಕಾಗದಪತ್ರ ಇಲ್ಲದವರನ್ನೆಲ್ಲ ಅವರವರ ದೇಶಕ್ಕೆ ಅಟ್ಟಬೇಕು, ಬರುವವರು ಸರದಿಯಲ್ಲೇ ಬರಬೇಕು ಎಂದು ನಾನು ಮೇಜು ಗುದ್ದಿದ್ದೆ. ಹಾಗಾದರೆ ಕತ್ತರಿ ಮಾಮನನ್ನೂ ಅಟ್ಟುತ್ತೀಯಾ ಎಂದು ನೀನು ಕೇಳಿದ್ದೆ. ನಾನು ಉಪ್ಪು ಕೇಳಿದ್ದೆ.

ಇವತ್ತು ಅವನನ್ನು ಹಿಡಿದೊಯ್ಯಲು ವಲಸೆ ಇಲಾಖೆಯವರು ಬಂದೇಬಿಟ್ಟರು. ಹತ್ತೊಂಬತ್ತು ವರ್ಷ ನಮ್ಮ ಬೀದಿಯ ತಲೆಗಳನ್ನೆಲ್ಲ ತಿದ್ದಿದವನು. ಸಿಕ್ಕಿದ್ದರೆ ನಾಳೆಯೇ ವಿಮಾನ, ಹೆಂಡತಿ ಮಕ್ಕಳು ಇಲ್ಲೇ. ನಾನು ಕುರ್ಚಿಯಲ್ಲಿದ್ದೆ, ಒಂದು ಕೆನ್ನೆ ನುಣುಪು, ಇನ್ನೊಂದು ನೊರೆ. ಅಧಿಕಾರಿ ಬಾಗಿಲಲ್ಲಿ ನಿಂತು, “ಇವರನ್ನ ಬಿಟ್ಟು ಮೊದಲು ಈ ಕಡೆ ಬಾ, ನಮಗೆ ಟೈಮಿಲ್ಲ” ಎಂದ.

ನಾನು ಅಲುಗಲಿಲ್ಲ. “ರೀ ಸ್ವಾಮಿ, ನಮ್ಮ ಟೈಮೇನು ಬಿಟ್ಟಿ ಬಿದ್ದಿದೆಯಾ? ಬೆಂಚಿದೆ, ಕೂತ್ಕೊಳ್ಳಿ. ನಿಮ್ಮ ಸರದಿ ಬಂದಾಗ ಕರೀತಾನೆ” ಎಂದೆ.

ಕೂತ, ಮಗಳೇ! ಕಾಯುತ್ತಿದ್ದ ಗಿರಾಕಿಗಳಿಗೂ ಧೈರ್ಯ ಬಂತು. “ಇವರಾದ ಮೇಲೆ ನಾನು”, “ಆಮೇಲೆ ನಾನು” ಎಂದು ಶುರುಮಾಡಿದರು. ಕತ್ತರಿ ಮಾಮ ನನ್ನ ಒಂದೇ ಗಲ್ಲವನ್ನು ಇಪ್ಪತ್ತು ನಿಮಿಷ ಕೆರೆದ. ಅವನ ಹೆಂಡತಿ ಒಳಕೋಣೆಯಿಂದ ವಕೀಲೆಗೆ ಫೋನು ಮಾಡಿದಳು. ಬೆಳಿಗ್ಗೆಯಷ್ಟೇ ಸಿಕ್ಕಿದ್ದ ನ್ಯಾಯಾಲಯದ ತಡೆಯಾಜ್ಞೆ ಹಿಡಿದು ವಕೀಲೆ ಓಡಿ ಬಂದಳು. ಅಧಿಕಾರಿ ಅದನ್ನು ಓದುತ್ತಿರುವಾಗಲೇ ನಾನು ಹೊಗಳಿಕೆಗೆ ಕಾಯದೆ ಗಂಭೀರವಾಗಿ ಹೊರಟುಬಂದೆ. ಅವರು ಬರಿಗೈಯಲ್ಲಿ ಹೋದರಂತೆ.

ಬೀದಿಯಲ್ಲೆಲ್ಲ ನನ್ನದೇ ಮಾತು. ಮುಂದಿನ ತಿಂಗಳ ವಿಚಾರಣೆಗೆ ನಾನೇ ಸಾಕ್ಷಿ. ನೀನೂ ಬಾ, ಅಪ್ಪನನ್ನು ನೋಡಿ ಸ್ವಲ್ಪ ಬೀಗು.

ಒಂದೂ ಗಾಯವಿಲ್ಲದೆ ಗೆದ್ದ,
ನಿನ್ನಪ್ಪ

ತಾ.ಕ.: ನಿನ್ನಮ್ಮ ಬೆನ್ನ ಹಿಂದೆ ನಿಂತು, “ಅದನ್ನೂ ಬರೀರಿ” ಅನ್ನುತ್ತಿದ್ದಾಳೆ. ಕ್ಷೌರಕ್ಕೆ ಕೂತಾಗ ನನ್ನ ಕನ್ನಡಕ ಕನ್ನಡಿಯ ಮುಂದಿರುತ್ತದೆ. ಅದಿಲ್ಲದಿದ್ದರೆ ನನಗೆ ಸಮವಸ್ತ್ರವೂ ಒಂದೇ, ಬನಿಯನ್ನೂ ಒಂದೇ. ಯಾರೋ ಸರದಿ ಮುರಿದು ನುಗ್ಗುವ ಗಿರಾಕಿ ಅಂದುಕೊಂಡಿದ್ದೆ. ವಕೀಲೆ ಬಂದ ಮೇಲೆ ಕತ್ತರಿ ಮಾಮ ಕನ್ನಡಕ ಮೂಗಿಗೇರಿಸಿದ. ಅಧಿಕಾರಿಯ ಸೊಂಟದ ಪಿಸ್ತೂಲು ಕಂಡಿತು. ಸಾಕ್ಷಿ ಹೇಳಲು ಕನ್ನಡಕ ಹಾಕಿಕೊಂಡೇ ಹೋಗುತ್ತೇನೆ, ಅದು ಖಂಡಿತ. ಆದರೆ ಆ ಬಟ್ಟೆ ನಾನು ಕದ್ದದ್ದಲ್ಲ, ಮಗಳೇ. ಬಿಚ್ಚಿಡುವಷ್ಟು ಹೊತ್ತೂ ನಾನು ಅಲ್ಲಿ ನಿಲ್ಲಲಿಲ್ಲ.