ಮಡಿಚಿ ಬರೆದ ಕಪ್ಪೆ

ಜೂನ್ 12, 1999. ಶನಿವಾರ. ಚನ್ನರಾಯಪಟ್ಟಣ

ಬೆಳಗಿನ ಸ್ಕೂಲು. ಎಂಟನೇ ಬಿ ಸೆಕ್ಷನ್ನಿಗೆ ಮೇಜಿನ ಮೇಲೆ ಬಿಂದಿಗೆ ಇಟ್ಟು, ನೋಡಿ ಬರೆಯಿರಿ ಎಂದೆ. ಅರ್ಧ ಕ್ಲಾಸು ಯುದ್ಧದ ಟ್ಯಾಂಕು ಬರೆದಿದೆ. ಕಾರ್ಗಿಲ್ ಜ್ವರ. ಒಬ್ಬ ಭೂಪ ಬಿಂದಿಗೆಗೇ ತೋಪಿನ ಬಾಯಿ ಅಂಟಿಸಿದ್ದಾನೆ. ಕಣ್ಣೆದುರಿಗೆ ಇರುವುದನ್ನು ಬಿಟ್ಟು ತಲೆಯೊಳಗೆ ಇರುವುದನ್ನು ಬರೀತೀರಲ್ರೋ ಎಂದು ಚೆನ್ನಾಗಿ ಬೈದು ಬಂದೆ.

ಮಧ್ಯಾಹ್ನ ಊಟ ಮಾಡಿ ಕೂತಿದ್ದೆ. ಬಾಗಿಲಲ್ಲಿ ಒಂದು ಹುಡುಗಿ. ಬಿಸಿಲಿಗೆ ಸುಟ್ಟ ಮುಖ, ಹೆಗಲಲ್ಲಿ ಚೀಲ. "ಸಾರ್, ಗುರುತು ಸಿಕ್ತಾ?" ಸಿಗಲಿಲ್ಲ. ನಕ್ಕಾಗ ಸಿಕ್ಕಿತು. ಮೈತ್ರೇಯಿ! ಅವಳಪ್ಪ ಇಲ್ಲಿ ತಾಲ್ಲೂಕು ಆಫೀಸಿನಲ್ಲಿದ್ದಾಗ ನನ್ನ ಕ್ಲಾಸಿನಲ್ಲಿದ್ದವಳು. ಈಗ ಮನೆ ಹೊಳೆನರಸೀಪುರದಲ್ಲಿ. ಕಪ್ಪೆಗಳ ಮೇಲೆ ರಿಸರ್ಚಂತೆ. ನಿಕೋಬಾರ್ ಕಡೆಯ ಒಂದು ದ್ವೀಪದ ಕಾಡಿನಲ್ಲಿ ಎರಡು ಮಳೆಗಾಲ ಕಳೆದು ಬಂದಿದ್ದಾಳೆ.

"ಒಂದು ಕಪ್ಪೆ ಸಿಕ್ಕಿದೆ ಸಾರ್. ಇದುವರೆಗೆ ಯಾವ ಪುಸ್ತಕದಲ್ಲೂ ಇಲ್ಲ. ಲೋಕಕ್ಕೇ ಹೊಸದು."

"ತಾನು ಹೊಸದು ಅಂತ ಆ ಕಪ್ಪೆಗೆ ಗೊತ್ತೇನಮ್ಮ?" ಎಂದೆ. ನಕ್ಕಳು.

ಹೆಸರಿಡುವುದು ಸುಲಭವಲ್ಲವಂತೆ. ಮೂತಿಯಿಂದ ಬೆರಳ ತುದಿವರೆಗೆ ಅಳೆಯಬೇಕು, ಬೇರೆ ಕಪ್ಪೆಗಳಿಗಿಂತ ಹೇಗೆ ಬೇರೆ ಎಂದು ಬರೆಯಬೇಕು, ಚಿತ್ರ ಸೇರಿಸಿ ಹೊರದೇಶದ ಜರ್ನಲ್ಲಿಗೆ ಕಳಿಸಬೇಕು. ಅವರು ಒಪ್ಪಿ ಅಚ್ಚು ಹಾಕಿದರೆ ಮಾತ್ರ ಹೆಸರು ನಿಲ್ಲುವುದು. ಫೆಲೋಶಿಪ್ಪು ಡಿಸೆಂಬರಿಗೆ ಮುಗಿಯುತ್ತದೆ. "ಅಷ್ಟರಲ್ಲಿ ಈ ಕಪ್ಪೆ ನಿಂತ್ರೆ ನಾನೂ ನಿಂತೆ ಸಾರ್. ಇಲ್ಲದಿದ್ರೆ ಅಪ್ಪ ಹೇಳ್ದಂಗೆ ಬಿ.ಎಡ್. ಮಾಡ್ಕೊಂಡು ಎಲ್ಲಾದ್ರೂ ಟೀಚರ್ರು." ಟೀಚರಾಗುವುದು ಅಷ್ಟು ದೊಡ್ಡ ಶಿಕ್ಷೆಯೋ ಎಂದು ಕೇಳಬೇಕೆಂದಿದ್ದೆ. ಬಿಂದಿಗೆ ಟ್ಯಾಂಕು ನೆನಪಾಗಿ ಸುಮ್ಮನಾದೆ.

ಚಿತ್ರ ಇಂಕಿನಲ್ಲಿ, ಚುಕ್ಕಿ ಚುಕ್ಕಿಯಾಗಿ ಬೇಕಂತೆ. "ಆ ಚುಕ್ಕಿ ಕೆಲ್ಸಕ್ಕೆ ನಿಮ್ಮ ಕೈನೇ ಬೇಕು ಸಾರ್" ಎಂದು ಚೀಲದಿಂದ ಹಾರ್ಲಿಕ್ಸ್ ಬಾಟಲಿ ತೆಗೆದಳು. ಅದರೊಳಗೆ ಸ್ಪಿರಿಟ್ಟು. ಸ್ಪಿರಿಟ್ಟಿನೊಳಗೆ...

ಕಾಫಿ ತಂದ ಚಕ್ರೇಶ್ವರಿ ಅಲ್ಲೇ ನಿಂತಳು. "ಏನ್ರೀ ಅದು, ಆಸ್ಪತ್ರೆ ವಾಸ್ನೆ? ಅಯ್ಯೋ! ಸತ್ತಿದ್ದನ್ನ ಹೊಸ್ಲು ದಾಟಿಸ್ತಾರಾ?" ನನ್ನ ಹೆಂಡತಿ ನೀರನ್ನು ಸೋಸಿಯೇ ಕುಡಿಯುವವಳು. ಇರುವೆ ಮುತ್ತಿದರೆ ಸಕ್ಕರೆ ಡಬ್ಬಿಯನ್ನೇ ಅವಕ್ಕೆ ಬಿಟ್ಟುಕೊಡುತ್ತಾಳೆ. ಬಾಟಲಿ ಜಗಲಿಗೆ ಹೋಯಿತು.

ನನಗೂ ಆಗದು. ಕೊಂದ ಜೀವವನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯುವುದು ನಮ್ಮ ಮನೆತನದಲ್ಲಿಲ್ಲ. ಫೋಟೋ ಇದ್ದರೆ ಕೊಡು ಎಂದೆ.

"ಫೋಟೋ ಸಾಲಲ್ಲ ಸಾರ್."

"ನನಗೆ ಸಾಲುತ್ತೆ."

ಮೂವತ್ತು ವರ್ಷದ ಕೈ ಇದು. ಫೋಟೋ ಕೊಟ್ಟು, ಬಾಟಲಿ ಎತ್ತಿಕೊಂಡು ಹೋದಳು.

ಜೂನ್ 20. ಭಾನುವಾರ

ಫೋಟೋ ಚೆನ್ನಾಗಿದೆ. ಕಪ್ಪೆ ಎಲೆಯ ಮೇಲೆ ಎಡಕ್ಕೆ ವಾಲಿ ಕೂತಿದೆ. ಹೆಬ್ಬೆರಳಿನ ಉಗುರಿನಷ್ಟು ಮೈ, ಬೆನ್ನ ಮೇಲೆ ಕಂದು ಚುಕ್ಕಿಗಳು. ಎಡಭಾಗ ಸ್ಪಷ್ಟ. ಬಲಭಾಗ ನೆರಳಿನಲ್ಲಿದೆ.

ಅದೇನು ದೊಡ್ಡ ವಿಷಯ? ಬಸದಿಗಳಿಗೆ ತೀರ್ಥಂಕರರ ಚಿತ್ರ ಬರೆದು ಬರೆದು ಕೈ ಪಳಗಿದೆ. ನಡುವೆ ಒಂದು ಗೆರೆ. ಎಡ ಅರ್ಧ ಬರೆಯುವುದು. ಬಟರ್ ಪೇಪರನ್ನು ಗೆರೆಯ ಮೇಲೆ ಮಡಿಚಿ, ಚಮಚದ ಬೆನ್ನಿನಿಂದ ಉಜ್ಜಿದರೆ ಬಲ ಅರ್ಧ ತಾನಾಗಿ ಮೂಡುತ್ತದೆ. ಭುಜಕ್ಕೆ ಭುಜ, ಕಿವಿಗೆ ಕಿವಿ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಅಪ್ಪ ಕಲಿಸಿದ್ದು.

ಹಾಗೇ ಮಾಡಿದೆ. ಆಮೇಲೆ ಚುಕ್ಕಿ. ಸಂಜೆಗೆ ಕುತ್ತಿಗೆ ಹಿಡಿದುಕೊಂಡಿತು. ಆದರೆ ಏನು ಚಂದ ಬಂದಿದೆ! ನನಗೇ ದೃಷ್ಟಿ ತಾಗೀತು.

ಚಕ್ರೇಶ್ವರಿ ಬಗ್ಗಿ ನೋಡಿದಳು. "ಕಪ್ಪೆ ಪದ್ಮಾಸನ ಹಾಕ್ದಂಗಿದೆ ಕಣ್ರೀ." ಇವಳಿಗೆ ಕಲೆಯ ಗಂಧವಿಲ್ಲ.

ಜುಲೈ 3. ಶನಿವಾರ

ಮೈತ್ರೇಯಿ ಬಂದಿದ್ದಳು. ಚಿತ್ರ ನೋಡಿ ಕುಣಿಯುವುದೊಂದು ಬಾಕಿ. "ಸಾರ್! ಉಸಿರಾಡ್ತಿದೆ ಇದು!" ಕವರು ಆಗಲೇ ರೆಡಿ ಮಾಡಿ ತಂದಿದ್ದಳು. ಪೋಸ್ಟಾಫೀಸು ಮುಚ್ಚುತ್ತದೆಂದು ಓಡಿಹೋಗಿ ರಿಜಿಸ್ಟರ್ ಮಾಡಿ ಬಂದಳು.

ಆಮೇಲೆ ಕೂತು ಕಾಡಿನ ಕಥೆ. ಮರದ ಪೊಟರೆಯಲ್ಲಿ ನಿಂತ ಒಂದು ಲೋಟ ಮಳೆನೀರು, ಅದೇ ಈ ಕಪ್ಪೆಯ ಇಡೀ ಸಂಸಾರವಂತೆ. ತಾಯಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮರಿಯಾಗುವವರೆಗೆ ಕಾಯುವುದು ಅಪ್ಪ. ಚಕ್ರೇಶ್ವರಿ ಒಳಗಿನಿಂದ, "ಕೇಳಿಸ್ಕೊಂಡ್ರಾ?" ಎಂದಳು. ನನಗೆ ಕೇಳಿಸಲಿಲ್ಲ.

ಆಗಸ್ಟ್ 15

ಧ್ವಜ, ಬೂಂದಿ, ಭಾಷಣ. ಕಪ್ಪೆಯ ಸುದ್ದಿ ಇಲ್ಲ. ಬಚ್ಚಲ ಮೋರಿಯಲ್ಲಿ ಒಂದು ಕೂತಿತ್ತು. ಇಷ್ಟು ದಿನ ಚೊಂಬು ತಟ್ಟಿ ಓಡಿಸುತ್ತಿದ್ದೆ. ಇವತ್ತು ನೋಡುತ್ತಾ ನಿಂತೆ, ನೀರು ಆರಿತು.

ಸೆಪ್ಟೆಂಬರ್ 12. ಭಾನುವಾರ

ಎಲೆಕ್ಷನ್ ಡ್ಯೂಟಿ ಮುಗಿಯಿತು. ಹಿರೀಸಾವೆ ಹತ್ತಿರದ ಹಳ್ಳಿ ಸ್ಕೂಲು. ನಿನ್ನೆ ಬೆಳಿಗ್ಗೆ ಬೂತಿನೊಳಗೆ ಒಂದು ಕಪ್ಪೆ ಬಂದು ವೋಟು ಹಾಕುವ ಮರೆಯ ಹಿಂದೆ ಕೂತಿತು. ವೋಟಿಗೆ ಬಂದ ಮಾರಮ್ಮ ಎಂಬ ಮುದುಕಿ, "ಇದ್ಯಾವ್ ಪಾರ್ಟಿದ್ಲಾ? ನನ್ನೇ ನೋಡ್ಕಂಡ್ ಕೂತೈತೆ, ಎಂಗ್ ಮುದ್ರೆ ಒತ್ಲಿ?" ಎಂದಳು. ಎಲ್ಲ ಪಾರ್ಟಿಯ ಏಜೆಂಟರೂ ಒಟ್ಟಿಗೆ ನಕ್ಕರು. ಆ ಬೂತಿನಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದಕ್ಕೇ.

ಸೆಪ್ಟೆಂಬರ್ 18. ಶನಿವಾರ. ಸಂಜೆ

ಬರೆಯಲು ಕೂತು ಒಂದು ನಿಬ್ಬು ಮುರಿದೆ. ಸಿಟ್ಟೋ ಏನೋ.

ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವ ನಡೆಯುತ್ತಿದೆ. ಒಂದು ಹೊತ್ತಿನ ಊಟ ಮುಗಿಸಿ ಕೂತಿದ್ದಾಗ ಮೈತ್ರೇಯಿ ಬಂದಳು. ಜರ್ನಲ್ಲಿನವರು ಉತ್ತರ ಬರೆದಿದ್ದಾರೆ. ಅಳತೆ, ಬರವಣಿಗೆ ಎಲ್ಲ ಮೆಚ್ಚಿದ್ದಾರೆ. ಚಿತ್ರ ಮಾತ್ರ... ಬಲ ಭುಜದ ಮೇಲೆ ಎರಡು ಚುಕ್ಕಿ ಕೂಡಿ ಪಟ್ಟೆಯಾಗಿದೆ ಎಂದು ಬರಹದಲ್ಲಿದೆಯಂತೆ. ಚಿತ್ರದಲ್ಲಿ ಪಟ್ಟೆಯೇ ಇಲ್ಲ. ಎಡಕ್ಕೂ ಬಲಕ್ಕೂ ಒಂದು ಚುಕ್ಕಿಯ ವ್ಯತ್ಯಾಸವಿಲ್ಲ. ಇಂಥ ಪ್ರಾಣಿ ನಿಜವಾಗಿಯೂ ಇದೆಯೇ? ಚಿತ್ರವನ್ನೇ ನಂಬಲಾಗದಿದ್ದರೆ ಉಳಿದದ್ದನ್ನು ಹೇಗೆ ನಂಬುವುದು? ಹೀಗೆ ಕೇಳಿದ್ದಾರೆ. ಅಕ್ಟೋಬರ್ ಮೊದಲ ವಾರದೊಳಗೆ ಸರಿಯಾದ ಚಿತ್ರ ಹೊರಡಬೇಕು. ಇಲ್ಲದಿದ್ದರೆ ವಾಪಸ್.

"ನಿನ್ನ ಫೋಟೋನೇ ಸರಿಯಿಲ್ಲ" ಎಂದು ಕೂಗಾಡಿಬಿಟ್ಟೆ.

ಅವಳು ಕೂಗಾಡಲಿಲ್ಲ. "ಬಲಗಡೆ ಫೋಟೋದಲ್ಲಿ ಇರ್ಲೇ ಇಲ್ವಲ್ಲ ಸಾರ್. ನೀವೆಲ್ಲಿಂದ ತಂದ್ರಿ?"

ಮೇಜಿನ ಮೇಲಿದ್ದ ಬಟರ್ ಪೇಪರನ್ನು ಪುಸ್ತಕದಡಿಗೆ ಸರಿಸಿದೆ. "ನಂದೂ ತಪ್ಪೇ. ನೀವು ಬರೆದಿದ್ದು ಅಂತ ಬಾಟ್ಲಿ ಪಕ್ಕ ಇಟ್ಟು ನೋಡ್ಲೇ ಇಲ್ಲ" ಎಂದಳು. ಕಾಫಿ ಕುಡಿಯದೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಸೆಪ್ಟೆಂಬರ್ 19

ಬಸದಿಯಲ್ಲಿ ಪ್ರವಚನ. ಸತ್ಯದ ಬಗ್ಗೆ. ಪಂಡಿತರು ಇಡೀ ಹೊತ್ತು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಹಿಂದಿನ ಸಾಲಿಗೆ ಹೋಗಿ ಕೂತೆ. ಅಲ್ಲಿಗೂ ನೋಡಿದರು.

ಟ್ಯಾಂಕು ಬರೆದ ಹುಡುಗರಿಗೆ ಬೈದ ಬಾಯಿ ಇದು.

ಸೆಪ್ಟೆಂಬರ್ 26. ಭಾನುವಾರ. ಕ್ಷಮಾವಾಣಿ. ಹೊಳೆನರಸೀಪುರದಿಂದ ಬಂದು

ಎಲ್ಲಿಂದ ಶುರು ಮಾಡಲಿ?

ಪರ್ವ ಮುಗಿದು ಇವತ್ತು ಕ್ಷಮೆ ಕೇಳುವ ದಿನ. ವರ್ಷವಿಡೀ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಎಲ್ಲರೆದುರು ಕೈಮುಗಿಯುವುದು. ಬಸದಿಯಿಂದ ಹೊರಟು ಬೀದಿಯುದ್ದಕ್ಕೂ ಮುಗಿದದ್ದೇ ಮುಗಿದದ್ದು. ಮಾತು ಬಿಟ್ಟ ಪಕ್ಕದ ಮನೆಯವನಿಗೂ ಮುಗಿದೆ. ಮನೆಗೆ ಬಂದರೆ ಚಕ್ರೇಶ್ವರಿ, "ಬೀದಿಯವರನ್ನೆಲ್ಲ ಕೇಳಿದ್ರಿ. ಆ ಹುಡುಗೀನ ಕೇಳಿದ್ರಾ?" ಎಂದಳು. ಒಳಗೆ ಹೋಗುತ್ತಾ, "ಆ ಕಪ್ಪೇನ?"

ನಿಬ್ಬು, ಇಂಕು, ಕಾಗದ ಚೀಲಕ್ಕೆ ಹಾಕಿಕೊಂಡೆ. ಅವಳು ಆಗಲೇ ಸೀರೆ ಬದಲಾಯಿಸಿ ಬುತ್ತಿ ಕಟ್ಟಿದ್ದಳು. ಇಬ್ಬರೂ ಹೊಳೆನರಸೀಪುರದ ಬಸ್ಸು ಹತ್ತಿದೆವು.

ಬಾಗಿಲು ತೆಗೆದ ಮೈತ್ರೇಯಿಗೆ ಕೈಮುಗಿದೆ. "ಸಾರ್, ನೀವು ನಂಗೆ ಮುಗೀಬಾರ್ದು" ಎಂದು ಹಿಂದೆ ಸರಿದಳು. ಇವತ್ತು ಮೇಷ್ಟ್ರು ಶಿಷ್ಯೆ ಲೆಕ್ಕವಿಲ್ಲ ಎಂದೆ. ನಕ್ಕಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ಅಬ್ಬಾ ಎನಿಸಿತು.

"ಬಾಟಲಿ ತಾ."

ಅವರ ಮನೆಯಲ್ಲೂ ಅದಕ್ಕೆ ಒಳಗೆ ಜಾಗವಿಲ್ಲ! ಅವಳ ತಾಯಿ ಚೂಡಾಮಣಿ ಅದನ್ನು ಬಚ್ಚಲಮನೆಯ ಅಟ್ಟಕ್ಕೇರಿಸಿದ್ದಾರೆ. "ಮಡಿ ಮನೆ ನೋಡಿ" ಎಂದರು. ಹೆಂಗಸರಿಬ್ಬರಿಗೂ ಆ ಕ್ಷಣದಿಂದ ಭಾರೀ ಸ್ನೇಹ.

ಹಿತ್ತಲ ಜಗಲಿಯಲ್ಲಿ ಬಿಳಿ ತಟ್ಟೆ. ಅದರ ಮೇಲೆ ಒದ್ದೆ ಬಟ್ಟೆ. ಮೈತ್ರೇಯಿ ಕಪ್ಪೆಯನ್ನು ತೆಗೆದು ಮಲಗಿಸಿದಳು. ಎಷ್ಟು ಮೆಲ್ಲಗೆ! ಹಸುಗೂಸನ್ನು ಹಾಗೆ ಮಲಗಿಸುತ್ತಾರೆ. ಕೈಮುಗಿದು ಮನಸ್ಸಿನಲ್ಲಿ ಕ್ಷಮೆ ಕೇಳಿದೆ. ನಿನ್ನನ್ನು ಕೊಂದದ್ದಕ್ಕೆ ಒಂದು, ನೋಡದೆ ಬರೆದದ್ದಕ್ಕೆ ಇನ್ನೊಂದು. ಚಕ್ರೇಶ್ವರಿ ಕಣ್ಣು ಮುಚ್ಚಿಕೊಂಡೇ ಕೈಮುಗಿದಳು. ಆಮೇಲೆ ಒಂದು ಕಣ್ಣು ತೆರೆದಳು.

"ನಾನೂ ಅವತ್ತು ಕಾಡಲ್ಲೇ ಕೇಳ್ಕೊಂಡೆ ಸಾರ್" ಎಂದಳು ಮೈತ್ರೇಯಿ.

ನೋಡಿದೆ. ಲೆನ್ಸು ಹಿಡಿದು ನೋಡಿದೆ. ಬಲ ಭುಜದಲ್ಲಿ ಎರಡು ಚುಕ್ಕಿ ಕೂಡಿ ಪಟ್ಟೆಯಾಗಿವೆ, ಹೌದು. ಎಡಗಡೆ ದುಂಡಗಿರುವ ಚುಕ್ಕಿ ಬಲಗಡೆ ಉದ್ದ. ಬಲ ಹಿಂಗಾಲಿನ ಒಂದು ಬೆರಳಿನ ತುದಿಯೇ ಇಲ್ಲ. ಯಾವುದೋ ಹಾವಿಗೋ ಏಡಿಗೋ ಕೊಟ್ಟು ಬದುಕಿ ಬಂದದ್ದು. ಮೂತಿ ಒಂಚೂರು ಓರೆ. ಪೊಟರೆಯಲ್ಲಿ ಕೂತು ಮಕ್ಕಳನ್ನು ಕಾದ ಅಪ್ಪನೇ ಇದು ಎಂದಳು ಮೈತ್ರೇಯಿ. ನಾನು ಬರೆದದ್ದು ಯಾವ ಕಪ್ಪೆಯೂ ಅಲ್ಲ. ತೀರ್ಥಂಕರರನ್ನು ಮಡಿಚಿ ಬರೆದರೆ ಸರಿ. ಇವನನ್ನಲ್ಲ.

ಮಡಿಚದೆ ಬರೆದೆ. ಹುಡುಗನಾಗಿದ್ದಾಗಲೂ ಇಷ್ಟು ಖುಷಿಯಿಂದ ಬರೆದಿರಲಿಲ್ಲ. ಪ್ರತಿ ಚುಕ್ಕಿಗೂ ಹೋಗಿ ನೋಡಿ ಬರುವುದು, ಇಡುವುದು. ಮತ್ತೆ ಹೋಗುವುದು. ಹೊತ್ತು ಇಳಿದದ್ದೇ ಗೊತ್ತಾಗಲಿಲ್ಲ. "ಸೂರ್ಯ ಮುಳುಗ್ತಾನೆ, ಆಮೇಲೆ ಉಪವಾಸವೇ" ಎಂದು ಚಕ್ರೇಶ್ವರಿ ಮೊಸರನ್ನ ಕಲಸಿ, ಇಂಕಿನ ಕೈ ಬೇಡವೆಂದು ತಾನೇ ತುತ್ತು ಮಾಡಿ ಬಾಯಿಗಿಟ್ಟಳು. ಎಲ್ಲರೆದುರಿಗೆ! ಚೂಡಾಮಣಿಯವರು ಮುಖ ತಿರುಗಿಸಿ ನಕ್ಕರು. ನಾನು ಚುಕ್ಕಿ ಇಡುತ್ತಲೇ ತಿಂದೆ.

ಬಾಟಲಿ ಪಕ್ಕ ಇಟ್ಟು ಮೈತ್ರೇಯಿ ಚುಕ್ಕಿ ಚುಕ್ಕಿ ಹೋಲಿಸಿದಳು. ಈ ಸಲ "ಉಸಿರಾಡ್ತಿದೆ" ಎನ್ನಲಿಲ್ಲ. "ಇದು ಅದೇ ಸಾರ್" ಎಂದಳು. ಅಷ್ಟು ಸಾಕು.

ಅಕ್ಟೋಬರ್ 1

ಮೈತ್ರೇಯಿ ಹೊಸ ಚಿತ್ರವನ್ನು ಹಾಸನದಿಂದ ಕಳಿಸಿದ್ದಾಳೆ. ನಾಳೆ ರಜೆ. ಕಾಯುವುದೊಂದೇ ಕೆಲಸ.

ಡಿಸೆಂಬರ್ 14

ಫೋನು. "ಸಾರ್, ನಿಂತ್ತು!"

"ಏನು, ಮಳೆನಾ?"

"ಕಪ್ಪೆ ಸಾರ್! ಒಪ್ಕೊಂಡ್ರು! ಫೆಲೋಶಿಪ್ಪೂ ಮುಂದಕ್ಕೆ ಹೋಯ್ತು!"

ಆ ಕಡೆ ಅವಳು ಅಳುತ್ತಿದ್ದಾಳೆ, ಈ ಕಡೆ ನಾನು. ನಡುವೆ ಚಕ್ರೇಶ್ವರಿ, "ಯಾರ್ ಹೋಗ್ಬಿಟ್ರು, ಯಾರ್ ಹೋಗ್ಬಿಟ್ರು?" ಎಂದು ಗಾಬರಿ. ಯಾರೂ ಹೋಗಲಿಲ್ಲ ಕಣೇ, ಒಬ್ಬ ಬಂದ ಎಂದೆ.

ಹೆಸರೇನಿಟ್ಟೆ ಎಂದರೆ ಹೇಳಲೊಲ್ಲಳು. ಅಚ್ಚಾದ ಮೇಲೆ ನೋಡಬೇಕಂತೆ. ನನ್ನ ಹೆಸರು ಮಾತ್ರ ಬೇಡಮ್ಮ ಎಂದೆ. ಸುಮ್ಮನೆ ನಕ್ಕಳು. ಇಟ್ಟರೆ ಸ್ಟಾಫ್ ರೂಮಿನಲ್ಲಿ ಕಪ್ಪೆ ಚಂದ್ರಯ್ಯ ಎಂದು ಕರೆಯುತ್ತಾರೆ. ಇಡದಿದ್ದರೆ ಬೇಜಾರೇನೂ ಇಲ್ಲ. ಸ್ವಲ್ಪ...

ಜುಲೈ 8, 2000. ಶನಿವಾರ

ಬಂತು. ಪೋಸ್ಟ್‌ಮ್ಯಾನ್ ಚೆನ್ನಯ್ಯ ಮಳೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ತಂದ. "ಪಾರಿನ್ನಿಂದ ಬಂದೈತೆ, ಸೈನ್ ಆಕಿ ಸಾ." ಅವನೆದುರಿಗೇ ಬಿಚ್ಚಿದೆ. ಇಡೀ ಪುಟಕ್ಕೆ ನಮ್ಮವನು. ಓರೆ ಮೂತಿ, ಮೋಟು ಬೆರಳು, ಎಲ್ಲ ಇದ್ದಂತೆಯೇ.

ಚೆನ್ನಯ್ಯ ಬಗ್ಗಿ ನೋಡಿದ. "ಕಪ್ಪೆ ಅಲ್ವಾ ಸಾ? ಇದ್ನ ಬರೆದ್ರೆ ಪಾರಿನ್ನೋರು ಅಚ್ಚಾಕ್ತಾರಾ? ನಮ್ ಗದ್ದೇಲಿ ಬೇಕಾದಂಗವೆ ಕಣ್ ಸಾ, ಬಂದು ಬರ್ಕೊಳಿ." ಬತ್ತೀನಿ ಕಣಯ್ಯ ಎಂದೆ. ತಮಾಷೆಗಲ್ಲ.

ಚಿತ್ರದ ಕೆಳಗೆ ಹೆಸರು. ಎರಡು ಪದ. ಮೊದಲನೆಯದು ಕುಲದ್ದು, ಬಾಯಿ ತಿರುಗುವುದಿಲ್ಲ. ಎರಡನೆಯದನ್ನು ಕನ್ನಡಕ ಒರೆಸಿಕೊಂಡು ಓದಿದೆ.

ಕ್ಷಮಾ.

ಚಕ್ರೇಶ್ವರಿಗೆ ಓದಿ ಹೇಳಿದೆ. ಹೊಸ್ತಿಲ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಆ ಪುಟ ನೋಡಿದಳು. "ನಾವು ಹೋಗಿ ಕೇಳಿದ್ವಲ್ಲ" ಎಂದಳು. "ಕೊಟ್ಟಿದೆ ಅನ್ಕೋಬೌದೇನ್ರೀ?"

ಅನ್ಕೋಬಹುದು ಎಂದೆ. ನನ್ನ ಹೆಸರಿಲ್ಲವೆಂಬುದು ನೆನಪಾದದ್ದು ಊಟವಾದ ಮೇಲೆ. ನೆನಪಾಗಿ ನಗು ಬಂತು.

ಪುಟಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹಾಕಬೇಕಂತೆ. ಹೊಸ್ತಿಲು ದಾಟಿಸಬೇಡಿ ಎಂದವಳ ಅಪ್ಪಣೆ ಇದು. ಜಾಗವನ್ನೂ ಅವಳೇ ತೋರಿಸಿದ್ದಾಳೆ, ನಮ್ಮ ಮದುವೆ ಫೋಟೋದ ಪಕ್ಕ.

ಈಗ ಹಿತ್ತಲಿನಿಂದ ಕೂಗುತ್ತಿದ್ದಾಳೆ. ಬಾವಿಕಟ್ಟೆಯ ಮೇಲೆ ಒಂದು ಬಂದು ಕೂತಿದೆಯಂತೆ. ಹಸಿರು ಗೆರೆ ಇದೆಯಂತೆ, ಒಂದು ಪಕ್ಕಕ್ಕೆ ಮಾತ್ರ ಇದೆಯಂತೆ. ಅಲುಗಾಡುತ್ತಿಲ್ಲ, ಬೇಗ ಬನ್ನಿ, ಬರೀಗೈಯಲ್ಲಿ ಬರಬೇಡಿ ಎನ್ನುತ್ತಿದ್ದಾಳೆ. ಪೆನ್ಸಿಲ್ ಎಲ್ಲಿ ಇಟ್ಟೆ—